ಬೇಟೆಗಾರನ ಪಾಲು

ನೈರೋಬಿಯ ಸೌತ್ ಸಿ ಬಡಾವಣೆಯ ಜೋಸೆಫ್ ಮಾಸ್ತರರ ಲೆಕ್ಕದಲ್ಲಿ ಗಂಡಸರಲ್ಲಿ ಎರಡೇ ಜಾತಿ: ಕೋವಿ ಹಿಡಿದವರು, ಸಾರು-ಅನ್ನ ಉಂಡವರು. ಅವರ ಒಬ್ಬಳೇ ಮಗಳು ನೇಹಾ ಮದುವೆಯಾಗುತ್ತೇನೆಂದು ಹಟ ಹಿಡಿದಿದ್ದ ಮಿಥುನ್ ಎರಡನೆಯ ಜಾತಿಯವನು. ಮೈಸೂರಿನ ಬ್ರಾಹ್ಮಣರ ಹುಡುಗ, ಅದೇ ಊರಿನ ಕಿಲಿಮಾನಿಯಲ್ಲಿ ಫ್ಲ್ಯಾಟು, ಮೊಟ್ಟೆಯನ್ನೂ ಮುಟ್ಟದ ಬಾಯಿ. ಅಪ್ಪರ್ ಹಿಲ್‌ನ ಯಾವುದೋ ಸಂಸ್ಥೆಯಲ್ಲಿ ಕುಡಿಯುವ ನೀರಿನ ಬಗ್ಗೆ ವರದಿ ಬರೆಯುತ್ತಿದ್ದ. ನೀರನ್ನು ಕುಡಿಯುವುದು ಬಿಟ್ಟು ಅದರ ಬಗ್ಗೆ ಬರೆಯುವವನಿಗೂ ಸಂಬಳ ಕೊಡುತ್ತಾರಲ್ಲ ಎಂದು ಮಾಸ್ತರರು ಮೂಗು ಮುರಿಯುತ್ತಿದ್ದರು.

ಇಷ್ಟೆಲ್ಲ ಹೇಳುವ ಮಾಸ್ತರರು ಸ್ವತಃ ಒಂದು ಗುಬ್ಬಿಯನ್ನೂ ಹೊಡೆದವರಲ್ಲ. ಮಂಗಳೂರಿನ ಗುರುಪುರ ಹೊಳೆಯ ದಂಡೆಯಲ್ಲಿ ಕೋವಿ ಹಿಡಿದು ಕೂರುತ್ತಿದ್ದದ್ದು ಅವರಪ್ಪ. ಇವರು ಚಡ್ಡಿ ಎತ್ತಿಕೊಂಡು ಕೆಸರಿಗಿಳಿದು ಬಿದ್ದ ಬಾತುಗಳನ್ನು ಹೆಕ್ಕಿ ತರುತ್ತಿದ್ದರು, ಅಷ್ಟೆ. ನೈರೋಬಿಯಲ್ಲಿ ನಲವತ್ತು ವರ್ಷ ಗಣಿತ ಕಲಿಸುವಷ್ಟರಲ್ಲಿ ಆ ಕೋವಿ ಹೇಗೋ ಅಪ್ಪನ ಹೆಗಲಿನಿಂದ ಮಗನ ಹೆಗಲಿಗೆ ದಾಟಿಬಿಟ್ಟಿತ್ತು. ಹೆಂಡತಿ ಸೆಲಿನ್‌ಗೆ ಇದು ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ವಯಸ್ಸಾದವರು, ಏನೋ ಹೇಳಿಕೊಳ್ಳಲಿ ಎಂದು ಇಬ್ಬರೂ ಸುಮ್ಮನಿದ್ದರು.

ಮಿಥುನ್ ಮೊದಲ ಸಲ ಊಟಕ್ಕೆ ಬಂದಾಗ ಮಾಸ್ತರರು ತಮ್ಮ ಮನೆತನದ ಕಟ್ಟಳೆಯನ್ನು ಅವನಿಗೆ ಪಾಠದಂತೆ ಒಪ್ಪಿಸಿದ್ದರು. ಬಾತಿನ ಎದೆಯ ಒಂದು ತುಂಡು ಹೊಡೆದವನಿಗೆ, ಇನ್ನೊಂದು ಮನೆಯ ಯಜಮಾನನಿಗೆ. ಹೊಡೆದವನು ತಟ್ಟೆಯಲ್ಲಿ ಚೂರೂ ಬಿಡುವಂತಿಲ್ಲ, ಬಿಟ್ಟರೆ ಆ ಹಕ್ಕಿಯನ್ನು ಕೊಂದ ಪಾಪ ಅವನಿಗೇ. ಎಲ್ಲ ಹೇಳಿ, ಸೌತೆಕಾಯಿ ಕಚ್ಚುತ್ತಿದ್ದ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, "ಒಂದು ಬಾತು ಹೊಡೆದು ತನ್ನಿ ಮಾರಾಯ್ರೆ, ಮತ್ತೆ ಮದುವೆಯ ಮಾತು" ಎಂದು ನಕ್ಕಿದ್ದರು.

ಅದು ಹಂಗಿಸಿದ ಮಾತು. ಆ ಪೆದ್ದ ಅದನ್ನು ಷರತ್ತೆಂದೇ ತಿಳಿದ.

ಎರಡು ಸಾವಿರದ ಹನ್ನೆರಡರ ಮಾತಿದು. ಅವನ ಸಹೋದ್ಯೋಗಿ ಕೆವಿನ್‌ಗೆ ಹಕ್ಕಿ ಬೇಟೆಯ ಖಯಾಲಿ ಇತ್ತು. ಮಿಥುನ್ ಅವನ ಹಿಂದೆ ಬಿದ್ದು, ಲೈಸೆನ್ಸಿಗೆ ಅರ್ಜಿ ಹಾಕಿ, ತಿಂಗಳುಗಟ್ಟಲೆ ಕಾದು, ನೈವಾಷಾ ಕಡೆಯ ತೋಟವೊಂದರ ಕೆರೆಯಲ್ಲಿ ಐದು ಶನಿವಾರ ಸೊಳ್ಳೆ ಕಚ್ಚಿಸಿಕೊಂಡ. ಐದನೆಯ ಶನಿವಾರ ಸಂಜೆ ಮಾಸ್ತರರ ಬಾಗಿಲಲ್ಲಿ ನಿಂತ ಅವನ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಒಂದು ಕಂದು ಬಣ್ಣದ ಬಾತು. ಮುಖ ಮಾತ್ರ ತಾನೇ ಗುಂಡು ತಿಂದವನ ಹಾಗೆ ಬಿಳಚಿಕೊಂಡಿತ್ತು.

ಮಾಸ್ತರರು ಹಕ್ಕಿಯನ್ನು ತಿರುಗಿಸಿ ನೋಡಿದರು. ಕಾಲು ಬಾಲದ ಬುಡಕ್ಕೇ ಅಂಟಿಕೊಂಡಂತಿತ್ತು, ಹಿಂಬೆರಳಿಗೂ ಅಗಲವಾದ ಚರ್ಮದ ಪಟ್ಟಿ. ಅವರಿಗೆ ನಗು ತಡೆಯಲಾಗಲಿಲ್ಲ. ಇದು ಮುಳುಗುಬಾತು. ದಡದಲ್ಲಿ ಹುಲ್ಲು-ಕಾಳು ಮೇಯುವ ಬಾತಿನ ರುಚಿಯೇ ಬೇರೆ. ಇದು ಕೆರೆಯ ತಳಕ್ಕಿಳಿದು ಹುಳು, ಬಸವನಹುಳು ಹೆಕ್ಕುವ ಪ್ರಾಣಿ, ಇದರ ಕೊಬ್ಬಿನ ತುಂಬ ಕೆಸರು ಮತ್ತು ಕೊಳೆತ ಮೀನಿನ ವಾಸನೆ. ಚರ್ಮ ಸುಲಿದು, ಕೊಬ್ಬು ಕೆರೆದು, ರಾತ್ರಿಯಿಡೀ ಉಪ್ಪು-ವಿನೆಗರಿನಲ್ಲಿ ನೆನೆಸಿದರೆ ಮನುಷ್ಯರು ತಿನ್ನಬಹುದು. ಹಾಗೇ ಬೇಯಿಸಿದರೆ ನಾಯಿಯೂ ಮೂಸುವುದಿಲ್ಲ. ಹೊಡೆಯುವುದಕ್ಕೂ ಇದನ್ನೇ ಆರಿಸಿಕೊಂಡನಲ್ಲ, ಬೃಹಸ್ಪತಿ!

ಮರುದಿನ ಊಟಕ್ಕೆ ಬರುತ್ತೇನೆಂದು ಹುಡುಗ ಹೋದ ಮೇಲೆ ಸೆಲಿನ್ ಚರ್ಮ ಸುಲಿಯಲು ಕತ್ತಿ ತೆಗೆದುಕೊಂಡರು. ಮಾಸ್ತರರು ಕೊಂಕಣಿಯಲ್ಲಿ ತಡೆದರು. ಸುಲಿಯುವುದು ಬೇಡ, ವಿನೆಗರೂ ಬೇಡ, ಬಫಾತ್ ಮಸಾಲೆ ಪುಡಿ ಹಾಕಿ ಅದರ ಕೊಬ್ಬಿನಲ್ಲೇ ಬೇಯಿಸು ಎಂದರು. ವಾಸನೆ ಬರುತ್ತದಲ್ಲ ಎಂದು ಸೆಲಿನ್ ಕೇಳಿದರೆ, ಬರಲಿ ಅಂತಲೇ ಹೇಳುವುದು ಎಂದರು. ನಾಳೆ ಇವನು ಮೊದಲ ತುತ್ತಿಗೇ ಬಚ್ಚಲಿಗೆ ಓಡುತ್ತಾನೆ, ಮಗಳು ಕಣ್ಣಾರೆ ನೋಡುತ್ತಾಳೆ, ಅಲ್ಲಿಗೆ ಈ ಪೀಡೆ ತೊಲಗಿತು. ಮಾಸ್ತರರ ಲೆಕ್ಕ ಇಷ್ಟು ಸರಳವಾಗಿತ್ತು. ಸೆಲಿನ್ ಅವರ ಮುಖವನ್ನೊಮ್ಮೆ ನೋಡಿ, ಕತ್ತಿ ಕೆಳಗಿಟ್ಟರು.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಬರುವಾಗ ಗೇಟಿನವರೆಗೂ ನಾತ ಬಂದಿತ್ತು. ನಾಲ್ವರೂ ಮೇಜಿಗೆ ಕೂತರು. ಮಾಸ್ತರರು ಕಟ್ಟಳೆಯನ್ನು ಮತ್ತೊಮ್ಮೆ ಒಪ್ಪಿಸಿ, ಎದೆಯ ದೊಡ್ಡ ತುಂಡನ್ನು ತಾವೇ ಮಿಥುನ್‌ನ ತಟ್ಟೆಗೆ ಹಾಕಿ, ಮೇಲೆ ಎಣ್ಣೆ ತೇಲುವ ಗ್ರೇವಿ ಸುರಿದರು. ಇನ್ನೊಂದು ತುಂಡನ್ನು ಸೆಲಿನ್ ಗಂಡನ ತಟ್ಟೆಗೆ ಹಾಕಿದರು. ಇದೊಂದು ಮಾಸ್ತರರ ಲೆಕ್ಕದಲ್ಲಿ ಇರಲಿಲ್ಲ.

ಮಿಥುನ್ ಕಣ್ಣು ಮುಚ್ಚಿಕೊಂಡು ಜೀವಮಾನದ ಮೊದಲ ಮಾಂಸದ ತುತ್ತನ್ನು ಬಾಯಿಗಿಟ್ಟ. ಅಗಿದ, ನುಂಗಿದ. ಎರಡನೆಯದನ್ನೂ ನುಂಗಿದ. ಕಾಲಿನ ತುಂಡಿನಿಂದ ಒಂದು ಎಳೆ ಬಾಯಿಗಿಟ್ಟ ನೇಹಾ ತಕ್ಷಣ ಅದನ್ನು ಕರವಸ್ತ್ರಕ್ಕೆ ಉಗಿದಳು. ಹುಡುಗ ಮಾತ್ರ ಬೆವರುತ್ತ, ಇಡ್ಲಿಯಂಥ ಸಾನ್ನಾದ ಚೂರಿನಲ್ಲಿ ಗ್ರೇವಿಯನ್ನೂ ಒರೆಸಿ ತಿನ್ನುತ್ತಿದ್ದ. ಬಚ್ಚಲ ಕಡೆ ತಲೆಯನ್ನೂ ತಿರುಗಿಸಲಿಲ್ಲ. ಮಾಸ್ತರರಿಗೆ ಕೂತಲ್ಲೇ ಚಡಪಡಿಕೆ ಹತ್ತಿತು. ಹೇಗುಂಟು ಎಂದು ಕೇಳಿಯೇಬಿಟ್ಟರು.

"ಮಾಂಸ ಅಂದ್ರೆ ಹೀಗೇ ಇರುತ್ತೆ ಅಲ್ವಾ ಅಂಕಲ್? ನಂಗೆ ಗೊತ್ತಿಲ್ಲ" ಎಂದ ಮಿಥುನ್. "ಆಂಟಿ ಚೆನ್ನಾಗೇ ಮಾಡಿರ್ತಾರೆ. ನಂಗೆ ಅಭ್ಯಾಸ ಇಲ್ಲ ಅಷ್ಟೆ. ಕಲೀತೀನಿ."

ಆಮೇಲೆ ಮಾಸ್ತರರ ಮುಟ್ಟದ ತಟ್ಟೆ ಅವನ ಕಣ್ಣಿಗೆ ಬಿತ್ತು. ಮಾಸ್ತರರು ಎದೆ ಉಜ್ಜಿಕೊಂಡು ಗ್ಯಾಸ್ಟ್ರಿಕ್ ಎಂದು ಗೊಣಗಿದರು. ಹಾಗಾದರೆ ಅದನ್ನೂ ತಾನೇ ತಿನ್ನುತ್ತೇನೆಂದು ಹುಡುಗ ಆ ತುಂಡನ್ನು ತನ್ನ ತಟ್ಟೆಗೆ ಎಳೆದುಕೊಂಡ. ಕುಹಕದ ಒಂದು ಕಣವೂ ಅವನಲ್ಲಿರಲಿಲ್ಲ. ಅವನಿಗೆ ನಿಜವಾಗಿಯೂ ಮಾವನ ಹೊಟ್ಟೆಯ ಚಿಂತೆ ಹತ್ತಿತ್ತು.

ಸೆಲಿನ್‌ಗೆ ಇನ್ನು ತಡೆಯಲಾಗಲಿಲ್ಲ. "ತಿನ್ಬೇಡಿ ಮಗಾ" ಎಂದರು. "ಇದು ಮುಳುಗುವ ಬಾತು. ಚರ್ಮ ಸುಲಿದು ಮಾಡ್ಬೇಕು. ನಾನು ಸುಲೀತೇನೆ ಅಂತ ಕತ್ತಿ ತೆಗ್ದೆ. ಬೇಡ ಹೇಳಿದ್ದು ಇವ್ರು. ನೀವು ಕಕ್ಕುದನ್ನು ಇವ್ರಿಗೆ ನೋಡ್ಬೇಕಿತ್ತು."

ನಾಚಿಕೆಯೆಂದರೆ ಏನೆಂದು, ನಲವತ್ತು ವರ್ಷ ತರಗತಿಯನ್ನು ನಡುಗಿಸಿದ ಮಾಸ್ತರರಿಗೆ ಅರುವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು.

ಮಿಥುನ್ ತಟ್ಟೆಯನ್ನು ನೋಡಿದ. ಎದ್ದು ಹೋಗುತ್ತಾನೆಂದೇ ಎಲ್ಲರೂ ತಿಳಿದರು. ಅವನು ಒಂದು ಲೋಟ ನೀರು ಕುಡಿದು ಮತ್ತೆ ಕೈ ಹಾಕಿದ.

"ಹೊಡೆದಿದ್ದು ನಾನಲ್ವಾ ಆಂಟಿ. ಅದು ಇನ್ನೂ ರೆಕ್ಕೆ ಬಡೀತಿತ್ತು. ಬಿಟ್ಟು ಏಳೋಕೆ ಆಗಲ್ಲ."

ಅವನು ತಿನ್ನತೊಡಗಿದ. ಈಗ ಅದು ಏನೆಂದು ಗೊತ್ತಿದ್ದೂ ತಿನ್ನುತ್ತಿದ್ದ. ಪ್ರತಿ ತುತ್ತಿಗೂ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಮಾಸ್ತರರಿಗೆ ನೋಡಲಾಗಲಿಲ್ಲ. ಅವರ ಅಪ್ಪ ಒಮ್ಮೆ ಹೀಗೇ, ತಪ್ಪಿ ಹೊಡೆದ ಮುಳುಗುಬಾತನ್ನು ಗೊಣಗದೆ ತಿಂದು ಮುಗಿಸಿದ್ದು ನೆನಪಾಯಿತು. ಆ ದಿನವೂ ಇವರು ಮುಖ ಸಿಂಡರಿಸಿ ಎದ್ದು ಹೋಗಿದ್ದರು.

ಮಾಸ್ತರರು ಕೈಯನ್ನು ಮೇಜಿನ ಆಚೆಗೆ ಚಾಚಿದರು. ಒಂದು ತುಂಡು ನನಗೂ ಇರಲಿ ಎಂದು ಸಣ್ಣ ದನಿಯಲ್ಲಿ ಕೇಳಿದರು.

ಹುಟ್ಟಿದಂದಿನಿಂದ ಅಪ್ಪನಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವಳು ನೇಹಾ. ಅವಳು ಮಿಥುನ್‌ನ ತಟ್ಟೆಯನ್ನು ಅಪ್ಪನ ಕೈಗೆ ಸಿಗದಷ್ಟು ದೂರ ಸರಿಸಿ, ಮಿಥುನ್ ಕಲಿಸಿದ ಮೈಸೂರು ಕನ್ನಡದಲ್ಲಿ, ನಿಧಾನವಾಗಿ, ಒಂದೊಂದೇ ಪದ ಹುಡುಕಿಕೊಂಡು ಹೇಳಿದಳು.

"ಬೇಡ ಡ್ಯಾಡಿ. ಅದು ಬೇಟೆ ಆಡಿದವರಿಗೆ."