ಅರ್ಧ ಮನೆಯ ಒಡತಿ

ಕೆಂಗೇರಿಯ ಹಳೇ ಊರಿನಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿ ಕೊಡುವ ರೀತಿಯೇ ಬೇರೆ. ಅಣ್ಣತಮ್ಮಂದಿರು ಅವರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಆಮೇಲೆ ಮನೆಗೆ ಕರೆತಂದು ಹೋಳಿಗೆ ಊಟ ಹಾಕಿ, ಅರಿಶಿನ ಕುಂಕುಮದ ಜೊತೆ ಒಂದು ಸೀರೆ ಮಡಿಲಿಗಿಟ್ಟು ಬಸ್ಸು ಹತ್ತಿಸುತ್ತಾರೆ. ಅಲ್ಲಿಗೆ ತವರಿನ ಲೆಕ್ಕ ಚುಕ್ತಾ. ಮುನಿವೆಂಕಟಪ್ಪನೂ ತನ್ನ ತಂಗಿ ರಾಮಕ್ಕನಿಗೆ ಹೀಗೇ ಒಂದು ಹಸಿರು ಸೀರೆ ಕೊಟ್ಟು ಕಳಿಸಿದ್ದ. ಗಂಡ ಹೋದ ಮೇಲೆ ಆ ರಾಮಕ್ಕ ವಿಜಯನಗರದ ಛತ್ರಗಳಲ್ಲಿ ಪಾತ್ರೆ ತೊಳೆದುಕೊಂಡೇ ಮುದುಕಿಯಾದಳು. ಸಾಯುವ ತನಕ ಅಣ್ಣನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ನಿದ್ದೆಯಾದರೂ ಬರುತ್ತಿತ್ತು.

ನನ್ನ ಮಗಳಿಗೆ ಈ ಗತಿ ಬರಬಾರದು ಅಂತ ಅವನು ವಿಲ್ ಬರೆಸಿಟ್ಟ. ಕೆಂಗೇರಿ ಮನೆಯಲ್ಲಿ ಮಗ ಸಂಪತ್‌ಗೆ ಅರ್ಧ, ಮಗಳು ಕುಸುಮಾಗೆ ಅರ್ಧ. ಹೋದ ವರ್ಷ ಅವನು ತೀರಿಕೊಂಡಾಗ ನೆಂಟರೆಲ್ಲ ಸಂಪತ್‌ನ ಕಿವಿ ಕಚ್ಚಿದರು, ಅಕ್ಕನ ಹತ್ತಿರ ಒಂದು ಸಹಿ ಹಾಕಿಸ್ಕೊಂಡುಬಿಡು ಅಂತ. ಗೂಡ್ಸ್ ಆಟೋ ಓಡಿಸುವ ಸಂಪತ್ ಓದಿದವನಲ್ಲ, ಆದರೆ ಅಪ್ಪನ ಮಾತು ಮೀರುವವನೂ ಅಲ್ಲ. ತಾನೇ ಓಡಾಡಿ, ಕೈಬಿಸಿ ಮಾಡಬೇಕಾದ ಕಡೆ ಮಾಡಿ, ಇಬ್ಬರ ಹೆಸರಿಗೂ ಜಂಟಿ ಖಾತೆ ಮಾಡಿಸಿದ. ಆ ಖಾತೆಯ ಪ್ರತಿಯನ್ನೂ ಒಂದು ಡಬ್ಬಿ ಮೈಸೂರುಪಾಕನ್ನೂ ಹಿಡಿದುಕೊಂಡು ಗೋವಿಂದರಾಜನಗರಕ್ಕೆ, ಅಕ್ಕನ ಬಾಡಿಗೆ ಮನೆಗೆ ಬಂದ.

"ತಗೊಳಕ್ಕ. ಇನ್ಮೇಲೆ ನೀನು ಅರ್ಧ ಮನೆ ಓನರ್ರು."

ಕುಸುಮಾ ನಕ್ಕಳು, ಆಮೇಲೆ ಅತ್ತಳು. ಅವಳಿಗೆ ಮನೆಗಿಂತ ಅಪ್ಪ ನೆನಪಿಟ್ಟುಕೊಂಡನಲ್ಲ ಅನ್ನುವುದೇ ದೊಡ್ಡದಾಗಿತ್ತು. ಆ ಮನೆಯಲ್ಲಿ ಅಮ್ಮ ಇದ್ದಾಳೆ, ತಮ್ಮ ಇದ್ದಾನೆ, ಅವನ ಹೆಂಡತಿ ಮಕ್ಕಳಿದ್ದಾರೆ. ಅವರನ್ನು ಎಬ್ಬಿಸಿ ಯಾರಿಗೆ ಮಾರುವುದು? ಇರಲಿ, ಮುಂದೆ ಒಂದು ಕಾಲಕ್ಕೆ ತಲೆ ಮೇಲೊಂದು ಸೂರು ಅಂದುಕೊಂಡು ಖಾತೆಯನ್ನು ಟ್ರಂಕಿನಲ್ಲಿಟ್ಟು, ಅರ್ಧಕ್ಕೆ ಬಿಟ್ಟಿದ್ದ ಸೀರೆಯ ಫಾಲ್ ಹೊಲಿಯಲು ಕೂತಳು. ಅವಳ ಸಂಪಾದನೆಯೆಲ್ಲ ಅದೇ, ಅಕ್ಕಪಕ್ಕದವರ ಸೀರೆಗೆ ಫಾಲ್, ಕುಚ್ಚು.

ಗಂಡ ರಾಜೇಂದ್ರ ರಾಜಾಜಿನಗರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೆಷಿನ್ ನೋಡಿಕೊಳ್ಳುತ್ತಿದ್ದವನು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಪ್ರೆಸ್ಸೂ ಕೈಕೊಟ್ಟಿತು. ಮಕ್ಕಳಿಲ್ಲದ ಮನೆ. ವಾರಕ್ಕೆರಡು ಸಲ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬಿಪಿಎಲ್ ಕಾರ್ಡು ಇದ್ದವರಿಗೆ ಅಲ್ಲಿ ಒಂದು ರೂಪಾಯಿ ಇಲ್ಲ. ರೇಷನ್ ಅಂಗಡಿಯಲ್ಲಿ ಅಕ್ಕಿ ತರುವ ಆ ಕಾರ್ಡೇ ಅವನ ಮೈಯಲ್ಲಿ ರಕ್ತ ಓಡಿಸುತ್ತಿತ್ತು ಅಂದರೆ ತಪ್ಪಲ್ಲ.

ಒಂದು ಬೆಳಿಗ್ಗೆ ಆಸ್ಪತ್ರೆಯ ಕೌಂಟರಿನಲ್ಲಿ ಕೂರುವ ರಂಜಿನಿ ಅನ್ನುವ ಹುಡುಗಿ ಕಂಪ್ಯೂಟರ್ ನೋಡಿ ಹುಬ್ಬು ಗಂಟಿಕ್ಕಿದಳು. "ಆಂಟಿ, ನಿಮ್ ಕಾರ್ಡು ಎಪಿಎಲ್ ಅಂತ ತೋರಿಸ್ತಾ ಇದೆ. ಇವತ್ತು ಹೇಗೋ ಬಿಡ್ತೀನಿ. ಮುಂದಿನ ಸಲ ಸರಿ ಮಾಡಿಸ್ಕೊಂಡು ಬನ್ನಿ, ಇಲ್ಲಾಂದ್ರೆ ದುಡ್ಡು ಕಟ್ಬೇಕಾಗುತ್ತೆ."

ಕಾರ್ಡಿನ ಕಚೇರಿಯಲ್ಲಿ ನಾಗಭೂಷಣ್ ಅನ್ನುವ ಗುಮಾಸ್ತರು ಒಳ್ಳೆಯವರೇ. ಕೂರಿಸಿ, ನಂಬರ್ ಹಾಕಿ ನೋಡಿದರು. "ಕೆಂಗೇರೀಲಿ ಮನೆ ಇದ್ಯಲ್ಲಮ್ಮ ನಿಮಗೆ? ಸಿಟೀಲಿ ಸಾವಿರ ಚದರಡಿ ದಾಟಿದ ಸ್ವಂತ ಮನೆ ಇರೋರಿಗೆ ಬಿಪಿಎಲ್ ಇಲ್ಲ."

"ಸಾರ್, ಆ ಮನೇಲಿ ನನ್ ತಮ್ಮನ ಸಂಸಾರ ಇದೆ. ನಾನು ಹೋದ್ರೆ ಹಾಲಲ್ಲಿ ಚಾಪೆ ಹಾಕ್ಕೊಂಡು ಮಲಗ್ತೀನಿ. ಒಂದು ರೂಪಾಯಿ ಬಾಡಿಗೆ ಇಲ್ಲ, ಏನಿಲ್ಲ."

"ಮಲಗೋದನ್ನ ಯಾರು ಕೇಳಿದ್ರು? ಹೆಸರಿದೆಯಾ ಇಲ್ವಾ?" ಅವರು ದನಿ ತಗ್ಗಿಸಿದರು. "ಹೆಸರು ತೆಗೆಸ್ಕೊಂಡು ಬನ್ನಿ. ಆಮೇಲೆ ಅರ್ಜಿ ಹಾಕಿ, ನಾನು ಮಾಡ್ಕೊಡ್ತೀನಿ."

ಸರ್ಕಾರಕ್ಕೆ ಗೋಡೆ ಕಾಣಿಸುತ್ತದೆ, ಗೋಡೆಯೊಳಗೆ ಇರುವವರು ಕಾಣಿಸುವುದಿಲ್ಲ. ಅಪ್ಪನ ಪ್ರೀತಿಯನ್ನು ಅಡಿಕೋಲು ಹಿಡಿದು ಅಳೆದು, ಸಾವಿರ ದಾಟಿತು ಅಂತ ತೀರ್ಮಾನ ಮಾಡಿತ್ತು ಅಷ್ಟೆ.

ವಿಷಯ ಕೇಳಿ ರಾಜೇಂದ್ರ ಕೆರಳಿದ. "ಸಹಿ ಗಿಹಿ ಹಾಕೀಯ, ಹುಷಾರು. ನಾನಿನ್ನೆಷ್ಟು ದಿನ ಕಣೇ? ನಾನು ಹೋದ್ಮೇಲೆ ನೀನೆಲ್ಲಿ ಬಿದ್ದಿರ್ತೀಯ? ನಿಮ್ಮಪ್ಪ ಬುದ್ಧಿವಂತ, ಯೋಚ್ನೆ ಮಾಡೇ ಬರ್ದಿದಾನೆ."

"ನಿಮ್ಮನ್ನ ಕಳ್ಕೊಂಡು ಆ ಗೋಡೆ ಜೊತೆ ಸಂಸಾರ ಮಾಡ್ಲಾ?" ಕುಸುಮಾಗೆ ಸಿಟ್ಟು ನೆತ್ತಿಗೇರಿತು. "ಸಾಯೋ ಮಾತು ಆಡ್ಬೇಡಿ ನನ್ ಮುಂದೆ."

ಅವನು ಗೋಡೆ ಕಡೆ ತಿರುಗಿ ಮಲಗಿದ. ಮುಂದಿನ ವಾರಗಳ ಡಯಾಲಿಸಿಸ್‌ಗೆ ಬಾಡಿಗೆ ಮನೆಯ ಅಡ್ವಾನ್ಸಿಗೇ ಕೈ ಹಾಕಬೇಕಾಯಿತು. ಮಾಲೀಕರ ಕೈಕಾಲು ಹಿಡಿದು ಅರ್ಧ ವಾಪಸ್ ಇಸಿದುಕೊಂಡರೂ ಅದು ಕೈಗೆ ಬಂದಷ್ಟೇ ಬೇಗ ಕರಗುತ್ತಿತ್ತು. ಕುಸುಮಾ ಇನ್ನು ಕಾಯಲಿಲ್ಲ. ಕೆಂಗೇರಿ ಬಸ್ಸು ಹತ್ತಿದಳು.

ಖಾತೆಯಿಂದ ನನ್ನ ಹೆಸರು ತೆಗೆಸಿಬಿಡು ಅಂತ ಅಕ್ಕ ಹೇಳಿದ್ದನ್ನು ಕೇಳಿ ಸಂಪತ್ ಮುಖ ಸಣ್ಣ ಮಾಡಿಕೊಂಡ. "ಯಾರಾದ್ರೂ ಏನಾದ್ರೂ ಅಂದ್ರಾ ಅಕ್ಕ? ಕಲಾ ಏನಾದ್ರೂ ಅಂದ್ಲಾ?" ಅಂತ ಹೆಂಡತಿಯ ಕಡೆ ನೋಡಿದ. ಕಾರಣ ಗೊತ್ತಾದ ಮೇಲೆ ತಲೆ ಮೇಲೆ ಕೈ ಹೊತ್ತುಕೊಂಡು ಕೂತ. "ಹಾಳಾಗೋಗ್ಲಿ, ನಾನೇ ಅಲ್ವಾ ಓಡಾಡಿ ಮಾಡಿಸ್ದೋನು! ಸುಮ್ನೆ ಕೂತಿದ್ರೆ ನಿನ್ ಕಾರ್ಡ್ ಉಳೀತಿತ್ತು." ಆಮೇಲೆ ತಟ್ಟನೆ ಅಂದ, "ಮಾರ್ಬಿಡೋಣ ಅಕ್ಕ. ಭಾವ ಉಳಿದ್ರೆ ಸಾಕು."

ಅಡುಗೆಮನೆಯಲ್ಲಿ ಅವರಮ್ಮ ಚಿಕ್ಕಲಕ್ಷ್ಮಮ್ಮ ಮುದ್ದೆ ತಿರುವುತ್ತಿದ್ದಳು. ಕೋಲಿನ ಸದ್ದು ನಿಂತುಹೋಯಿತು. ಕಲಾ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಆ ಸದ್ದು ಮತ್ತೆ ಶುರುವಾಗಲಿ ಅಂತ ಕುಸುಮಾ ಕಾದಳು, ಶುರುವಾಗಲಿಲ್ಲ.

"ಬೇಡ ಕಣೋ," ಅಂದಳು. "ನಾನು ಸಹಿ ಹಾಕ್ತೀನಿ."

"ಬರ್ದು ಕೊಟ್ರೂ ಅದು ನಿಂದೇ ಅಕ್ಕ. ಅಪ್ಪನಾಣೆ."

ಸಂಪತ್ ಅದನ್ನು ನಿಜವಾಗಿಯೇ ಹೇಳಿದ. ಆದರೆ ಅವನ ಮಕ್ಕಳು ದೊಡ್ಡವರಾದ ಮೇಲೆ ಆ ಆಣೆ ಯಾರ ನೆನಪಿನಲ್ಲಿರುತ್ತದೆ? ಕುಸುಮಾಗೆ ಅದು ಗೊತ್ತಿತ್ತು. ತಾನು ಒಪ್ಪಿದ ತಕ್ಷಣ ಅಡುಗೆಮನೆಯಲ್ಲಿ ಕೋಲು ಮತ್ತೆ ಸದ್ದು ಮಾಡಿದ್ದೂ ಕೇಳಿಸಿತು. ಅಮ್ಮನ ಮೇಲೆ ಕೋಪ ಬಂತು. ಮನೆ ಮಾರಿದರೆ ಈ ವಯಸ್ಸಿನಲ್ಲಿ ಹೋಗುವುದಾದರೂ ಎಲ್ಲಿಗೆ, ಅಮ್ಮನಾದರೂ ಏನು ಮಾಡಿಯಾಳು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಸಹಿ ಹಾಕಿದ ದಿನ ಕೆಂಗೇರಿ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಪದ್ಧತಿ ಬಿಡುವುದು ಹೇಗೆ? ಬರಿಗೈಯಲ್ಲಿ ಕಳಿಸಿದರೆ ತವರಿಗೆ ಒಳ್ಳೆಯದಲ್ಲ ಅಂತ ಚಿಕ್ಕಲಕ್ಷ್ಮಮ್ಮ ಮಗಳನ್ನು ಮಣೆ ಮೇಲೆ ಕೂರಿಸಿ, ಸೊಸೆಯ ಕೈಯಲ್ಲಿ ಹಣೆಗೆ ಕುಂಕುಮ ಹಚ್ಚಿಸಿ, "ಮುತ್ತೈದೆಯಾಗಿ ಬಾಳು" ಅಂತ ಸೀರೆ ಮಡಿಲಿಗೆ ಇಡಿಸಿದಳು. ಹಸಿರು ಸೀರೆ. ಸಣ್ಣ ಅಂಚಿನದು. ಅಂಗಡಿಯಲ್ಲಿ ಕಣ್ಣಿಗೆ ಬಿದ್ದಿದ್ದನ್ನು ಮುದುಕಿ ತಂದಿದ್ದಳು, ಬೇಕಂತ ತಂದದ್ದಲ್ಲ. ಊಟಕ್ಕೆ ಕೂತಿದ್ದ ಸಂಪತ್ ಆ ಬಣ್ಣ ನೋಡಿದ, ಅಪ್ಪನ ಫೋಟೋ ನೋಡಿದ. ಎಲೆಯ ಮುಂದಿನಿಂದ ಎದ್ದು ಹೊರಗೆ ಹೋಗಿಬಿಟ್ಟ.

ಖಾತೆ ಬದಲಾದ ಮೇಲೆ ಕುಸುಮಾ ಕಾರ್ಡಿನ ಕಚೇರಿಗೆ ಹೋದಳು. ನಾಗಭೂಷಣ್ ಇರಲಿಲ್ಲ, ವರ್ಗವಾಗಿತ್ತು. ಅವರ ಕುರ್ಚಿಯಲ್ಲಿ ಅಭಿನವ್ ಅನ್ನುವ ಚಿಕ್ಕ ವಯಸ್ಸಿನವನು ಕೂತಿದ್ದ. ಕಾಗದವನ್ನೆಲ್ಲ ತಾಳ್ಮೆಯಿಂದ ನೋಡಿದ.

"ಎಲ್ಲಾ ಸರಿ ಇದೆ ಆಂಟಿ. ಆದ್ರೆ ಬಿಪಿಎಲ್‌ಗೆ ಹೊಸ ಅರ್ಜಿ ಈಗ ತಗೊಳ್ತಾ ಇಲ್ಲ. ಪೋರ್ಟಲ್ಲೇ ಕ್ಲೋಸ್ ಮಾಡಿದಾರೆ."

"ಯಾವಾಗ ತೆಗೀತಾರೆ ಸಾರ್?"

"ಮೇಲಿಂದ ಆರ್ಡರ್ ಬರ್ಬೇಕು. ಆಗಾಗ ಬಂದು ವಿಚಾರಿಸ್ತಾ ಇರಿ."

"ಹೆಸರು ತೆಗೆಸ್ಕೊಂಡು ಬಂದ್ರೆ ಮಾಡ್ಕೊಡ್ತೀನಿ ಅಂದಿದ್ರು. ಅದಕ್ಕೇ ಮನೇನೇ ಬರ್ದುಕೊಟ್ಟು ಬಂದೆ ನಾನು."

ಅವನು ಪಾಪ ಅನ್ನುವ ಹಾಗೆ ನೋಡಿದ. "ಸ್ವಲ್ಪ ಕೇಳ್ಕೊಂಡು ಕೊಡ್ಬೇಕಿತ್ತು ಆಂಟಿ," ಅಂದು ಸಾಲಿನಲ್ಲಿ ಅವಳ ಹಿಂದಿದ್ದವರನ್ನು ಕರೆದ.

ಹೊರಗೆ ಮಾಗಡಿ ರಸ್ತೆಯಲ್ಲಿ ಜನ ತಮ್ಮ ಪಾಡಿಗೆ ತಾವು ಓಡಾಡುತ್ತಿದ್ದರು. ಇತ್ತ ಮನೆಯೂ ಇಲ್ಲ, ಅತ್ತ ಕಾರ್ಡೂ ಇಲ್ಲ. ಕೂತು ಅಳೋಣವೆಂದರೆ ಬಸ್ ಸ್ಟಾಪಿನ ಬೆಂಚಿನಲ್ಲೂ ಜಾಗವಿರಲಿಲ್ಲ. ಅಪ್ಪನ ಮೇಲೆ ಮೊದಲ ಸಲ ಅವಳಿಗೆ ಕೋಪ ಬಂತು. ಸುಮ್ಮನೆ ಎಲ್ಲವನ್ನೂ ಮಗನಿಗೇ ಬರೆದು ಸಾಯಬಾರದಿತ್ತೆ? ಹಾಗೆ ಅಂದುಕೊಂಡ ತಕ್ಷಣ ನಾಲಿಗೆ ಕಚ್ಚಿಕೊಂಡಳು.

ಮನೆಗೆ ಬಂದಾಗ ರಾಜೇಂದ್ರ ಗೋಡೆಗೊರಗಿ ಕೂತಿದ್ದ. ಅವತ್ತು ಅವನೊಬ್ಬನೇ ಆಟೋದಲ್ಲಿ ಆಸ್ಪತ್ರೆಗೆ ಹೋಗಿ ಬಂದಿದ್ದ. ಸಂಪತ್ ಕಳಿಸಿದ್ದ ದುಡ್ಡು ಅದರಲ್ಲಿ ಮುಗಿದಿತ್ತು. ಕಾರ್ಡಿನ ವಿಷಯ ಅವನು ಕೇಳಲಿಲ್ಲ, ಅವಳ ಮುಖ ನೋಡಿದ್ದೇ ಸಾಕಾಗಿತ್ತು. ಕುರ್ಚಿಯ ಮೇಲಿದ್ದ ಹಸಿರು ಸೀರೆಯ ಕಡೆ ಕೈ ತೋರಿಸಿದ.

"ಊರೋರ ಸೀರೆಗೆಲ್ಲ ಫಾಲ್ ಹಾಕ್ತೀಯ. ಅದಕ್ಕೂ ಹಾಕ್ಕೊಂಡು ಉಟ್ಕೊಳ್ಳೇ, ಚೆನ್ನಾಗಿದೆ."

"ಹಾಕೋಣ ಬಿಡಿ."

ಅವನು ಊದಿಕೊಂಡ ಪಾದ ಸವರಿಕೊಳ್ಳುತ್ತಾ, ಏನೋ ಆಗ ತಾನೇ ನೆನಪಾದವನಂತೆ ಅಂದ, "ಅಂದಹಾಗೆ, ಡಾಕ್ಟ್ರು ಇವತ್ತು ಒಂದು ಒಳ್ಳೇ ಸುದ್ದಿ ಹೇಳಿದ್ರು. ಇನ್ಮೇಲೆ ವಾರಕ್ಕೆ ಒಂದೇ ಸಲ ಸಾಕಂತೆ."

ಯಾವ ಡಾಕ್ಟರೂ ಹಾಗೆ ಹೇಳಿರುವುದಿಲ್ಲ. ಒಂದು ಸಲ ತಪ್ಪಿದರೂ ಏನಾಗುತ್ತದೆ ಅಂತ ಅದೇ ಡಾಕ್ಟರು ಅವಳನ್ನು ಹೊರಗೆ ಕರೆದು ಬಿಡಿಸಿ ಹೇಳಿದ್ದರು. ಸುಳ್ಳು ಹೇಳ್ಬೇಡಿ ಅಂತ ಅವಳು ಬಾಯಿ ತೆರೆದಳು. ಅಷ್ಟರಲ್ಲಿ, ಈ ವಾರ ಇನ್ನೊಂದು ಸಲಕ್ಕೆ ದುಡ್ಡು ಹೊಂದಿಸಬೇಕಿಲ್ಲ ಅನ್ನುವ ಯೋಚನೆ ಬಂದು ಎದೆ ಒಂದು ಗಳಿಗೆ ಹಗುರಾಯಿತು. ಆ ಹಗುರಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಹೌದಾ?" ಅಂದಳು ಕುಸುಮಾ. "ಒಳ್ಳೇದಾಯ್ತು ಬಿಡಿ."

ಅವನು ಸಮಾಧಾನದಿಂದ ಕಣ್ಣು ಮುಚ್ಚಿದ. ಅವಳು ಹಸಿರು ಸೀರೆಯನ್ನು ತೆಗೆದು, ಖಾತೆ ಇಟ್ಟಿದ್ದ ಟ್ರಂಕಿನೊಳಗೆ ಹಾಕಿ ಮುಚ್ಚಿದಳು.