ಎಡಗಣ್ಣಿನ ಹಿಂದೆ ಬೆಳೆದದ್ದು

ಕುಶಾಲನಗರದ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಹೊನ್ನಮ್ಮ ಬಿಸಿಯೂಟದ ಅಡುಗೆಯವಳು. ಅವಳ ಎಡಗಣ್ಣು ಮುಂದಕ್ಕೆ ಬಂದಿದೆ ಎಂದು ಮೊದಲು ಹೇಳಿದವರು ಹೆಡ್‌ಮಾಸ್ಟರು. ಎರಡು ವರ್ಷದ ಹಿಂದಿನ ಗ್ರೂಪ್ ಫೋಟೋದ ಪಕ್ಕ ಈ ವರ್ಷದ್ದನ್ನಿಟ್ಟು ತೋರಿಸಿದರು. ನೋವೇನೂ ಇರಲಿಲ್ಲ. ಥೈರಾಯ್ಡ್ ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲ ಸರಿಯಾಗಿತ್ತು. ಕೊನೆಗೆ ಮಗಳು ಸೌಜನ್ಯ ಮೈಸೂರಿನ ಕಣ್ಣಾಸ್ಪತ್ರೆಗೆ ಕರೆದೊಯ್ದಳು.

ಅಲ್ಲಿನ ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಕಣ್ಣುಗುಡ್ಡೆಯ ಹಿಂದೆ, ಮೇಲ್ಭಾಗದಲ್ಲಿ, ಸಣ್ಣ ನೆಲ್ಲಿಕಾಯಿಯಷ್ಟು ಗಡ್ಡೆ.

"ನರದ ಹೊದಿಕೆಯಲ್ಲಿ ಬೆಳೆದಿದೆ ಅಮ್ಮ. ಕ್ಯಾನ್ಸರ್ ಅಲ್ಲ ಅನ್ನಿಸುತ್ತೆ. ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆ ಖಚಿತವಾಗಿ ಹೇಳ್ತೀನಿ."

ಆ 'ಅನ್ನಿಸುತ್ತೆ' ಹೊನ್ನಮ್ಮನಿಗೆ ಹಿಡಿಸಲಿಲ್ಲ. "ಕ್ಯಾನ್ಸರ್ ಅಲ್ದಿದ್ರೆ ಕುಯ್ಯೋದ್ಯಾಕೆ ಸಾರ್?"

ಡಾಕ್ಟರು ಅವಳ ಬಲಗಣ್ಣು ಮುಚ್ಚಿಸಿ ಕೆಂಪು ಮುಚ್ಚಳವೊಂದನ್ನು ಹಿಡಿದರು. ಎಡಗಣ್ಣಿಗೆ ಅದು ಹಳೇ ಇಟ್ಟಿಗೆಯ ಬಣ್ಣದಂತೆ ಮಂಕಾಗಿ ಕಂಡಿತು. "ಗಡ್ಡೆ ದೃಷ್ಟಿಯ ನರವನ್ನ ಒತ್ತುತ್ತಿದೆ. ಬಿಟ್ಟರೆ ಇನ್ನೂ ಮಸುಕಾಗುತ್ತೆ."

ಆಮೇಲೆ ಸೌಜನ್ಯ, "ನೀನು ಹೊರಗೆ ಕೂತಿರವ್ವ" ಎಂದು ಅವಳನ್ನು ಕಳಿಸಿ ಒಳಗೇ ಉಳಿದಳು. ಬರುವಾಗ ಮುಖ ತೊಳೆದುಕೊಂಡು ಬಂದಳು.

"ಏನಂದ್ರು?"

"ತಾರೀಕು ಕೊಟ್ರು, ಅಷ್ಟೇ."

ಮನೆಗೆ ಬಂದ ಮೇಲೆ ಹೊನ್ನಮ್ಮ ಎಲ್ಲರನ್ನೂ ಗಮನಿಸತೊಡಗಿದಳು. ಮೂವತ್ತು ವರ್ಷ ಸಾರಿಗೆ ಉಪ್ಪು ಸಾಲದು ಎನ್ನುತ್ತಿದ್ದ ಗಂಡ ಜವರಯ್ಯ ಈಗ ತಟ್ಟೆ ನೋಡಿಕೊಂಡು ತೆಪ್ಪಗೆ ಉಣ್ಣುತ್ತಿದ್ದ. ಫೋನಿನಲ್ಲಿ ಮಾತಾಡುತ್ತಿದ್ದ ಸೌಜನ್ಯ ಅವಳು ಬಂದರೆ ದನಿ ತಗ್ಗಿಸುತ್ತಿದ್ದಳು. ಆಸ್ಪತ್ರೆಯ ಫೈಲು ಮೇಜಿನಿಂದ ಮಾಯವಾಗಿತ್ತು.

ಹೊನ್ನಮ್ಮನಿಗೆ ಈ ಆಟ ಗೊತ್ತಿತ್ತು. ಅತ್ತೆಗೆ ಕರುಳಿನ ಕ್ಯಾನ್ಸರ್ ಆಗಿದ್ದಾಗ "ಗ್ಯಾಸ್ಟ್ರಿಕ್ಕು ಅತ್ತೆ, ವಾಸಿಯಾಗುತ್ತೆ" ಎಂದು ಎಂಟು ತಿಂಗಳು ನಂಬಿಸಿದವಳು ಅವಳೇ.

ಒಂದು ಬೆಳಿಗ್ಗೆ ಅವಳು ಬೀರುವಿನಲ್ಲಿ ಸೀರೆಗಳ ಅಡಿಯಿಂದ ಫೈಲು ತೆಗೆದಳು. ಎಲ್ಲ ಇಂಗ್ಲಿಷು. ಕುಶಾಲನಗರದಲ್ಲಿ ತೋರಿಸಿದರೆ ಸಂಜೆಯೊಳಗೆ ಮನೆಗೆ ಸುದ್ದಿ. ಬಸ್ಸು ಹತ್ತಿ ಗೋಣಿಕೊಪ್ಪಲಿಗೆ ಹೋದಳು. ಅಲ್ಲಿ ಮೋಕ್ಷಿತಾ ಎಂಬ ಡಾಕ್ಟರ ಕ್ಲಿನಿಕ್ಕು ಕಂಡಿತು.

"ನನ್ ತಂಗೀದು ಮೇಡಂ. ಅವಳಿಗೆ ಇರೋದು ಕ್ಯಾನ್ಸರ್ ತಾನೇ? ನಿಜ ಹೇಳಿ."

ಮೋಕ್ಷಿತಾ ಹೊನ್ನಮ್ಮನ ಉಬ್ಬಿದ ಕಣ್ಣನ್ನು ಒಮ್ಮೆ ನೋಡಿ ಫೈಲು ಓದಿದರು. "ಇಲ್ಲ. ನಿಧಾನವಾಗಿ ಬೆಳೆಯೋ, ಬೇರೆ ಕಡೆ ಹರಡದ ಗಡ್ಡೆ ಥರಾನೇ ಕಾಣ್ತಿದೆ." ಕೊನೆಯ ಹಾಳೆಯ ಮೇಲೆ ಬೆರಳಿಟ್ಟರು. "ಆದರೆ ಆಪರೇಷನ್ನಿನಲ್ಲಿ ಆ ಕಣ್ಣಿನ ನೋಟ ಹೋಗೋ ಸಾಧ್ಯತೆ ಸ್ವಲ್ಪ ಇದೆ ಅಂತ ಬರೆದಿದ್ದಾರೆ. ಇದಕ್ಕೆ ತಂಗಿಯ ಸಹಿ ಬೇಕು. ಅವರಿಗೆ ಯಾರೂ ಹೇಳಿಲ್ಲವಾ?"

ಹೊನ್ನಮ್ಮ ಆ ಹಾಳೆಯನ್ನು ಮತ್ತೆ ಫೈಲಿಗೆ ಸೇರಿಸಿದಳು. ಹಾಗಾದರೆ ಬಚ್ಚಿಟ್ಟದ್ದು ನಿಜ. ಆದರೆ ಬೇರೆಯದನ್ನು.

ಸಂಜೆ ಜಗುಲಿಯ ಮೇಲೆ ಆ ಹಾಳೆ ಹರಡಿ ಇಬ್ಬರನ್ನೂ ಕರೆದಳು. ಜವರಯ್ಯ ತಲೆ ತಗ್ಗಿಸಿದ.

"ಡಾಕ್ಟರು ನಿಂಗೆ ಹೇಳೋಕೆ ಹೊರಟಿದ್ರು," ಎಂದಳು ಸೌಜನ್ಯ. "ನಾವೇ ಮನೇಲಿ ಹೇಳ್ತೀವಿ ಅಂದೆ. ನೀನು ಹೆದರಿ ಬೇಡ ಅಂದುಬಿಟ್ರೆ, ಇರೋ ದೃಷ್ಟೀನೂ ಹೋಗುತ್ತಲ್ಲವ್ವ!"

"ಹೆದರೋದೋ ಬಿಡೋದೋ ನಾನು ನೋಡ್ಕೋತೀನಿ. ಕಣ್ಣು ನಂದು."

ಹೊನ್ನಮ್ಮ ಎರಡು ದಿನ ಯೋಚಿಸಿ, ಮೈಸೂರಿನ ಡಾಕ್ಟರಿಗೆ ತಾನೇ ಫೋನು ಮಾಡಿ ಒಂದೊಂದಾಗಿ ಕೇಳಿದಳು. ಆಮೇಲೆ ಸಹಿ ಹಾಕಿದಳು.

ಹುಬ್ಬಿನ ಪಕ್ಕದ ಮೂಳೆಯ ಕಡೆಯಿಂದ ಹೋಗಿ ಗಡ್ಡೆಯನ್ನು ಇಡಿಯಾಗಿ ತೆಗೆದರು. ಪಟ್ಟಿ ಬಿಚ್ಚಿದಾಗ ಒಬ್ಬಳ ಪಕ್ಕ ಇನ್ನೊಬ್ಬಳಂತೆ ಇಬ್ಬರು ಸೌಜನ್ಯ ಕಂಡರು. ಅದು ಸರಿಹೋಗಲು ಎರಡು ತಿಂಗಳಾಯಿತು. ಹತ್ತನೇ ದಿನ ಬಂದ ವರದಿ, ಕ್ಯಾನ್ಸರ್ ಅಲ್ಲ ಎಂದಿತು. ಅದನ್ನೂ ಅವಳು ಡಾಕ್ಟರ ಬಾಯಿಂದಲೇ ಕೇಳಿದಳು, ಎರಡು ಸಲ.

ನೋಟ ಉಳಿಯಿತು. ಗಡ್ಡೆ ಅಂಟಿದ್ದ, ಹಣೆಗೆ ಸ್ಪರ್ಶ ತಿಳಿಸುವ ನರವನ್ನು ಕತ್ತರಿಸಬೇಕಾಗಿ ಬಂದದ್ದರಿಂದ ಎಡಹಣೆ ಮಾತ್ರ ಮರಗಟ್ಟಿತು. ಕುಂಕುಮ ಇಟ್ಟುಕೊಳ್ಳುವಾಗ ಬೆರಳಿನ ಅರ್ಧ ಮಾತ್ರ ಹಣೆಗೆ ತಿಳಿಯುತ್ತದೆ.