ಹಾಯಿಲನಿಗೆ ಹಚ್ಚಿದ ಉಪ್ಪು

ಇದು ನಡೆದ ಸಂಗತಿ. ರೊಟ್ಟಿ ಮುಟ್ಟಿ ಹೇಳುತ್ತೇನೆ. ಇದರಲ್ಲಿ ಒಂದು ಮಾತು ಸುಳ್ಳಿದ್ದರೂ ನನ್ನ ಆಲಿವ್ ಮರಗಳು ಕಾಯಿ ಬಿಡುವುದನ್ನು ಮರೆಯಲಿ, ನನ್ನ ಕತ್ತೆ ನನ್ನ ಬೆನ್ನೇರಿ ಸಂತೆಗೆ ಹೋಗಲಿ. ಮುಫ್ಲೆಹನ ಕಾಲಿನ ನಾತದ ವಿಷಯದಲ್ಲಿ ಮಾತ್ರ ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ಅದನ್ನು ಮೂಗಿದ್ದವರು ಯಾರೂ ಹತ್ತಿರ ಹೋಗಿ ಅಳೆದಿಲ್ಲ.

ಮುಫ್ಲೆಹ ನಮ್ಮ ಅಜ್ಲೂನ್ ಬೆಟ್ಟದ ಹಳ್ಳಿಯವನು, ಆಲಿವ್ ಗಾಣದಲ್ಲಿ ಕೆಲಸ. ಬಂಗಾರದಂಥ ಮನುಷ್ಯ. ಆದರೆ ಊರ ಚಾವಡಿಯಲ್ಲಿ ಬೂಟು ಬಿಚ್ಚಿ ಚಾಪೆಯ ಮೇಲೆ ಕೂತನೆಂದರೆ ಒಳಗೆ ಬರುತ್ತಿದ್ದ ನೊಣ ಬಾಗಿಲಲ್ಲೇ ತಿರುಗಿ ಹೋಗುತ್ತಿತ್ತು. ಚಾವಡಿಯ ಬೆಕ್ಕು ಒಂದು ದಿನ ಎದ್ದು ಹೋದದ್ದು ಪಕ್ಕದ ಊರಲ್ಲಿ ಸಂಸಾರ ಹೂಡಿತು. ಗಂಡಸರು ಕಾಫಿ ಹೀರುತ್ತಾ ಕೇಳುತ್ತಿದ್ದರು, "ಯಾಕೋ, ನಿಮ್ಮಮ್ಮ ನಿಂಗೆ ಉಪ್ಪು ಹಚ್ಚಲಿಲ್ವಾ?"

ನಮ್ಮ ಕಡೆ ಅದೇ ಬೈಗುಳ. ಮೈ ನಾರಿದರೂ ಅದೇ, ಮಾತು ಒರಟಾದರೂ ಅದೇ. ಕೂಸು ಹುಟ್ಟಿದರೆ ಎಣ್ಣೆಯಲ್ಲಿ ಉಪ್ಪು ಕಲಸಿ ಮೈಗೆಲ್ಲ ತಿಕ್ಕುತ್ತಾರೆ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಡುತ್ತಾರೆ. ಚರ್ಮ ಗಟ್ಟಿಯಾಗುತ್ತದಂತೆ, ಬೆವರು ನಾರುವುದಿಲ್ಲವಂತೆ, ಮುಂದೆ ತಾಳ್ಮೆಯ ಮನುಷ್ಯನಾಗುತ್ತಾನಂತೆ. ಮುಫ್ಲೆಹ ಚೊಚ್ಚಲ ಮಗ. ಅವನು ಹುಟ್ಟಿದಾಗ ಅವನ ತಾಯಿ ಜ್ವರ ಬಂದು ಮಲಗಿದ್ದಳು, ಉಪ್ಪು ಹಚ್ಚುವವರು ಇರಲಿಲ್ಲ. ಆಮೇಲೆ ಹುಟ್ಟಿದ ಎಂಟು ಮಕ್ಕಳಿಗೂ ಅವಳೇ ತನ್ನ ಕೈಯಾರೆ ಹಚ್ಚಿದಳು. ಆದರೆ ಊರು ಅವಳನ್ನು ಕರೆಯುವುದು ಉಮ್ಮ್ ಮುಫ್ಲೆಹ್ ಎಂದು, ಮುಫ್ಲೆಹನ ತಾಯಿ ಎಂದು. ಯಾರು ಕೂಗಿದರೂ ಅವಳಿಗೆ ಮಗನ ಕಾಲು ನೆನಪಾಗುತ್ತಿತ್ತು.

ಈ ಮುಫ್ಲೆಹನ ಹೆಂಡತಿ ಘೈದಾ. ಎಳೆಯ ಹುಡುಗಿ, ಮೊದಲ ಹೆರಿಗೆ. ಅವಳಿಗೆ ಅವಳಿ ಹುಟ್ಟಿತು, ಒಂದು ಗಂಡು, ಒಂದು ಹೆಣ್ಣು. ಗಂಡಿಗೆ ಹಾಯಿಲ್, ಹೆಣ್ಣಿಗೆ ಶೈಮಾ ಎಂದು ಹೆಸರಿಟ್ಟರು. ಎರಡೂ ಕೋಳಿಮರಿಯಷ್ಟೇ ಇದ್ದವು. ಆದರೂ ಮನೆಗೆ ಬಂದ ದಿನ ಹೆರಿಗೆಯ ಸಂಭ್ರಮಕ್ಕೆ ಮಾಡುವ ಶಾಜೀರಿಗೆ ಪಾಯಸದ ಪಾತ್ರೆ ಒಲೆಯಿಂದ ಇಳಿಯಲೇ ಇಲ್ಲ, ಬೀದಿಯ ಹೆಂಗಸರೆಲ್ಲ ಬಂದು ಅಕ್ರೋಟು ಉದುರಿಸಿಕೊಂಡು ತಿಂದು ಹೋದರು. ಎಲ್ಲರೂ ಘೈದಾಳನ್ನು ಉಮ್ಮ್ ಹಾಯಿಲ್ ಎಂದು ಕರೆದರು. ನಿನ್ನೆಯವರೆಗೆ 'ಹುಡುಗಿ' ಎನ್ನಿಸಿಕೊಂಡವಳು ಇವತ್ತು ಹಾಯಿಲನ ತಾಯಿ. ಅವಳಿಗೆ ನಾಚಿಕೆಯೂ ಆಯಿತು, ಒಳಗೊಳಗೇ ಹಿಗ್ಗೂ ಆಯಿತು.

ಹೆಂಗಸರು ಹೋದ ಮೇಲೆ ಅತ್ತೆ, ಅದೇ ಉಮ್ಮ್ ಮುಫ್ಲೆಹ್, ಉಪ್ಪೆಣ್ಣೆಯ ಬಟ್ಟಲು ತಂದಳು. ಹಾಯಿಲನ ಕೈ ಹಿಡಿದುಕೋ ಎಂದು ಸೊಸೆಗೆ ಹೇಳಿ ತಿಕ್ಕತೊಡಗಿದಳು. ಕಂಕುಳು, ತೊಡೆಸಂದು, ಪಾದ. ಪಾದಕ್ಕೆ ಮಾತ್ರ ಎರಡೆರಡು ಸಲ. ಘೈದಾಳ ಬೆರಳಲ್ಲಿ ಚಾಕು ತಾಗಿದ ಚಿಕ್ಕ ಗಾಯವಿತ್ತು. ಅದಕ್ಕೆ ಉಪ್ಪು ಸೋಕಿ ಅವಳ ಕಣ್ಣಲ್ಲಿ ನೀರು ಬಂತು. ಕೂಸಿನ ಹೊಕ್ಕುಳು ಇನ್ನೂ ಹಸಿಯಾಗಿತ್ತು. ಅವಳು ಅದನ್ನೇ ನೋಡಿದಳು.

"ಅತ್ತೆ, ಉರಿಯುತ್ತೇನೋ."

"ಉರಿಯೋದಲ್ಲ ಕಣೇ, ಗಟ್ಟಿಯಾಗ್ತಿದಾನೆ. ನಾಳೆ ಚಾವಡೀಲಿ ಇವನು ಕೂತಾಗ ಯಾರೂ ಮೂಗು ಮುಚ್ಚಬಾರದು."

ಶೈಮಾಳ ಸರದಿ ಬಂದಾಗ ಘೈದಾ ಬಟ್ಟಲಿಗೆ ಕೈ ಚಾಚಿ, ಇವಳಿಗೆ ನಾನೇ ಹಚ್ಚುತ್ತೇನೆ, ನೀವು ದಣಿದಿದ್ದೀರಿ ಎಂದಳು. ಅತ್ತೆ ಬಟ್ಟಲು ಕೊಟ್ಟಳು. ಹೆಣ್ಣುಕೂಸು ಚಾವಡಿಯಲ್ಲಿ ಕೂರುವುದಿಲ್ಲವಲ್ಲ. ಘೈದಾ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಒದ್ದೆ ಬಟ್ಟೆಯಲ್ಲಿ ಮಗಳ ಮೈ ಒರೆಸಿ, ಸುತ್ತಿ ಮಲಗಿಸಿದಳು. ಹಚ್ಚಿದೆಯಾ ಎಂದು ಕೇಳಿದ್ದಕ್ಕೆ ಹೂಂ ಎಂದಳು. ಅದು ಅವಳು ಆ ಮನೆಯಲ್ಲಿ ಹೇಳಿದ ಮೊದಲ ಸುಳ್ಳು. ಮಗಳಿಗಾಗಿ ಸುಳ್ಳು ಹೇಳುವ ಧೈರ್ಯ ಬಂತು. ಮಗನಿಗಾಗಿ ಬೇಡ ಎನ್ನುವ ಧೈರ್ಯ ಬರಲಿಲ್ಲ. ಅವನು ಮೊದಲ ಮೊಮ್ಮಗ, ಆ ಬಟ್ಟಲು ಅತ್ತೆಯದು, ಮನೆಯೂ ಅತ್ತೆಯದು.

ದಿನವೂ ಹೀಗೇ ನಡೆಯಿತು. ಹಾಯಿಲನಿಗೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಅವನ ಅಳು ಬಟ್ಟೆ ಹರಿದ ಹಾಗಿತ್ತು. ಮೈ ಕೆಂಪಾಯಿತು, ಮುಟ್ಟಿದರೆ ಬಿಸಿ. ಎದೆಗೆ ಹಾಕಿದರೆ ಬರಗೆಟ್ಟವನ ಹಾಗೆ ಹೀರಿ ಮತ್ತೆ ಅಳುತ್ತಿದ್ದ. ಘೈದಾ ಒಂದು ತೋಳಲ್ಲಿ ಅವನನ್ನು, ಇನ್ನೊಂದರಲ್ಲಿ ಅವಳನ್ನು ಇಟ್ಟುಕೊಂಡು ಗೋಡೆಗೊರಗಿ ಕೂತೇ ಇರುತ್ತಿದ್ದಳು. ಬೆನ್ನು ಸೀಳಿ ಹೋಗುತ್ತಿತ್ತು. ತಲೆ ಬಾಚಿ ಎಷ್ಟು ದಿನವಾಯಿತೆಂದು ಅವಳಿಗೇ ಗೊತ್ತಿರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಹಾಯಿಲ್ ಅಳುವುದನ್ನು ನಿಲ್ಲಿಸಿದ.

ಮನೆ ತಣ್ಣಗಾಯಿತು. ಅತ್ತೆ ನಕ್ಕು, ನೋಡು, ಹುಡುಗನಿಗೆ ತಾಳ್ಮೆ ಬಂತು ಎಂದಳು. ನೋಡಲು ಬಂದ ನೆರೆಯವರು ಇಷ್ಟು ಸಾಧು ಕೂಸು ನಾವು ಕಂಡೇ ಇಲ್ಲ ಎಂದು ಹೊಗಳಿದರು. ಘೈದಾಳೂ ಮೊದಲು ಉಸಿರು ಬಿಟ್ಟಳು, ಸ್ವಲ್ಪ ನಿದ್ದೆಯನ್ನೂ ಮಾಡಿದಳು. ಎದ್ದಾಗ ಬಲಗಡೆ ಎದೆ ಕಲ್ಲಿನಂತೆ ಗಟ್ಟಿಯಾಗಿ ನೋಯುತ್ತಿತ್ತು. ಅದು ಹಾಯಿಲ್ ಕುಡಿಯುವ ಎದೆ. ಬಾಯಿಗಿಟ್ಟರೆ ಅವನ ತುಟಿ ಅಲುಗಲಿಲ್ಲ. ಹಾಲು ಅವನ ಗಲ್ಲದ ಮೇಲೆ ಹರಿದು ಕಿವಿಗೆ ಹೋಯಿತು. ಅತ್ತೆಗೆ ಹೇಳಿದಾಗ, ಹೊಟ್ಟೆ ತುಂಬಿದೆ, ಮಲಗಲಿ ಬಿಡು ಎಂದಳು. ಘೈದಾ ಮತ್ತೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲಿಂದ ಯಾರೋ ಉಮ್ಮ್ ಹಾಯಿಲ್ ಎಂದು ಪ್ರೀತಿಯಿಂದ ಕೂಗಿದರು.

ಕೂಗಿದವಳು ತಗ್ರೀದ್, ನಮ್ಮ ಊರ ಆರೋಗ್ಯ ಕೇಂದ್ರದ ನರ್ಸು. ಅವಳಿ ಮಕ್ಕಳು, ತೂಕ ಕಡಿಮೆ ಎಂದು ನೋಡಲು ಬಂದಿದ್ದಳು. ಬಂದವರು ಮಾಡುವಂತೆ ಅವಳೂ ಮೊದಲು ಕೂಸುಗಳ ಕೈಗೆ ಮುತ್ತಿಟ್ಟಳು. ಶೈಮಾಳ ಕೈಗೆ ಮುತ್ತಿಟ್ಟು ನಕ್ಕಳು. ಹಾಯಿಲನ ಕೈಗೆ ಮುತ್ತಿಟ್ಟು ತನ್ನ ತುಟಿ ನೆಕ್ಕಿಕೊಂಡಳು. ಅವಳ ಮುಖದ ನಗು ಆರಿತು. ಸುತ್ತಿದ್ದ ಬಟ್ಟೆ ಬಿಚ್ಚಿ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಳು. ಮಡಿಚಿದ ಚರ್ಮ ಹಾಗೇ ನಿಂತಿತು. ನೆತ್ತಿ ಒಳಗೆ ಕುಸಿದಿತ್ತು.

"ಉಮ್ಮ್ ಮುಫ್ಲೆಹ್, ಇದು ತಾಳ್ಮೆ ಅಲ್ಲ. ಇವನಿಗೆ ಅಳೋಕೂ ಶಕ್ತಿ ಉಳಿದಿಲ್ಲ. ಈಗಲೇ ಆಸ್ಪತ್ರೆಗೆ ಹೊರಡಬೇಕು."

ಅತ್ತೆ ಜಗ್ಗಲಿಲ್ಲ. ಈಗ ತಾನೇ ಮಲಗಿದ ಕೂಸನ್ನು ಯಾಕೆ ಎಬ್ಬಿಸುತ್ತೀ ಎಂದಳು. ಎಂಟು ಮಕ್ಕಳಿಗೆ ಇದೇ ಕೋಣೆಯಲ್ಲಿ ಉಪ್ಪು ಹಚ್ಚಿದ್ದೇನೆ, ನೀನಿನ್ನೂ ಹುಟ್ಟಿರಲಿಲ್ಲ ಎಂದಳು. ತಗ್ರೀದ್ ಬಿಡಿಸಿ ಹೇಳಿದಳು. ಹಸುಗೂಸಿನ ಚರ್ಮ ತೆಳು ಬಟ್ಟೆಯಿದ್ದಂತೆ, ಹಚ್ಚಿದ ಉಪ್ಪು ಹೊರಗೆ ನಿಲ್ಲುವುದಿಲ್ಲ, ಒಳಗಿಳಿದು ರಕ್ತ ಸೇರುತ್ತದೆ, ಮೈಯ ನೀರನ್ನು ಹೀರುತ್ತದೆ, ಕೊನೆಗೆ ಮಿದುಳಿಗೇ ತಗಲುತ್ತದೆ. ಮುಫ್ಲೆಹನ ಕಾಲು ನಾರುವುದು ದಿನವಿಡೀ ಗಾಣದ ರಬ್ಬರ್ ಬೂಟಿನಲ್ಲಿ ನೆನೆಯುವುದರಿಂದ, ತೊಳೆದು ಒಣಗಿಸಿಕೊಂಡರೆ ಹೋಗುತ್ತದೆ ಎಂದೂ ಹೇಳಿದಳು.

ಅತ್ತೆ ಶೈಮಾಳನ್ನು ಎತ್ತಿ ನರ್ಸಿನ ಮುಖಕ್ಕೆ ಹಿಡಿದಳು.

"ಹಂಗಾದ್ರೆ ಇವಳನ್ನ ನೋಡು. ಇವಳಿಗೂ ಹಚ್ಚಿದೀವಿ. ಒಂದೇ ಹೊಟ್ಟೆ, ಒಂದೇ ಹಾಲು, ಅದೇ ಉಪ್ಪು. ಗುಂಡುಕಲ್ಲಿನ ಹಾಗಿದಾಳೆ. ಉಪ್ಪಿಗೆ ಇವಳನ್ನ ಕಂಡ್ರೆ ಭಯಾನಾ?"

ತಗ್ರೀದ್ ಎರಡು ಕೂಸುಗಳನ್ನೂ ಮತ್ತೆ ಮತ್ತೆ ನೋಡಿದಳು. ಘೈದಾಳ ಸುಳ್ಳು ಈಗ ಅವಳ ಮಗನ ದಾರಿಗೆ ಅಡ್ಡ ನಿಂತಿತ್ತು. ಹೇಳಿದರೆ ಈ ಮನೆಯಲ್ಲಿ ಅವಳ ಮಾತಿಗೆ ಮತ್ತೆ ಬೆಲೆ ಇರುವುದಿಲ್ಲ. ಹೇಳದಿದ್ದರೆ ಹಾಯಿಲ್ ಇರುವುದಿಲ್ಲ.

"ಹಚ್ಚಿಲ್ಲ ಅತ್ತೆ," ಎಂದಳು. "ಶೈಮಾಗೆ ಒಂದು ದಿನಾನೂ ಹಚ್ಚಿಲ್ಲ. ನಿಮ್ಗೆ ಸುಳ್ಳು ಹೇಳ್ದೆ."

ಅತ್ತೆ ಸೊಸೆಯನ್ನು ನೋಡಿದಳು. ಹೊಡೆಯುತ್ತಾಳೆಂದು ಘೈದಾ ಕಣ್ಣು ಮುಚ್ಚಿದಳು. ಅತ್ತೆ ಹೊಡೆಯಲಿಲ್ಲ. ಬಾಗಿ ಶೈಮಾಳ ಕೈಗೆ ಮುತ್ತಿಟ್ಟಳು. ಆಮೇಲೆ ಹಾಯಿಲನ ಕೈಗೆ ಮುತ್ತಿಟ್ಟಳು. ನಾಲಿಗೆಗೆ ಹತ್ತಿದ ರುಚಿಯನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತಳು. ಕಡೆಗೆ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿ, ಸಿಕ್ಕ ಮೊದಲ ವ್ಯಾನನ್ನು ಅಡ್ಡ ನಿಂತು ತಡೆದಳು.

ಬೆಟ್ಟ ಇಳಿಯುವ ದಾರಿಯಲ್ಲೇ ಹಾಯಿಲನಿಗೆ ಸೆಳವು ಬಂತು. ಕೋಲಿನಂತೆ ಬಿಗಿಯಾದ, ಕಣ್ಣು ಮೇಲೆ ಹೋಯಿತು. ತಗ್ರೀದ್ ಅವನನ್ನು ಒಂದು ಮಗ್ಗುಲಿಗೆ ಹಿಡಿದುಕೊಂಡಿದ್ದಳು. ಘೈದಾ ಅವನ ಪಾದ ಹಿಡಿದುಕೊಂಡಿದ್ದಳು. ಅಂಗೈಗೆ ಇನ್ನೂ ಎಣ್ಣೆ ಹತ್ತುತ್ತಿತ್ತು.

ಪಟ್ಟಣದ ಆಸ್ಪತ್ರೆಯಲ್ಲಿ ಅವನನ್ನು ಬೆಚ್ಚನೆಯ ನೀರಲ್ಲಿ ತೊಳೆದು, ತಲೆಯ ನರಕ್ಕೆ ಸೂಜಿ ಚುಚ್ಚಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ರಕ್ತದಲ್ಲಿ ಉಪ್ಪು ವಿಪರೀತ ಏರಿದೆ, ಒಮ್ಮೆಗೇ ಇಳಿಸಿದರೂ ಅಪಾಯ, ನಿಧಾನವಾಗಿ ಇಳಿಸಬೇಕು, ಬದುಕಿದರೂ ಹೇಗಿರುತ್ತಾನೋ ಹೇಳಲಾರೆವು ಎಂದರು ಡಾಕ್ಟರು. ಗಾಣದಿಂದ ಓಡಿ ಬಂದ ಮುಫ್ಲೆಹ ಗಾಜಿಗೆ ಹಣೆ ಒತ್ತಿ ನಿಂತವನು ಕದಲಲಿಲ್ಲ.

ಹೊರಗೆ ಬೆಂಚಿನ ಮೇಲೆ ಅತ್ತೆ ಸೊಸೆ ಇಬ್ಬರೇ. ಮಡಿಲಲ್ಲಿ ಶೈಮಾ ಚೀಪುತ್ತಿದ್ದಳು. ಬೈಗುಳ ಬರಲಿ ಎಂದು ಘೈದಾ ಕಾಯುತ್ತಿದ್ದಳು. ಅತ್ತೆ ಗೋಡೆಯ ಕಡೆ ನೋಡುತ್ತಾ ಮಾತಾಡಿದಳು.

"ಎಂಟು ಮಕ್ಕಳಿಗೆ ಹಚ್ಚಿದೆ ಅಂತೀನಲ್ಲ, ನಿನ್ನ ಮೈದುನ ನಾದಿನಿ ಎಲ್ಲ ಸೇರಿ ಎಷ್ಟು ಜನ?"

"ಆರು."

"ಇನ್ನಿಬ್ರು ಬಾಣಂತಿ ಕೋಣೇಲೇ ಹೋದ್ರು. ಅವರೂ ಹಿಂಗೇ ಅತ್ತೂ ಅತ್ತೂ ಸುಮ್ನಾದ್ರು. ಎಷ್ಟು ಸಾಧು ಕೂಸು ಅಂದ್ರು ಎಲ್ಲಾ. ಆಮೇಲೆ ಕಣ್ಣು ಬಿತ್ತು ಅಂದ್ರು. ನಾನೂ ಹಂಗೇ ಅಂದ್ಕೊಂಡೆ." ತನ್ನ ಎರಡು ಕೈಗಳನ್ನೂ ಮಡಿಲಲ್ಲಿ ಮಲಗಿಸಿಕೊಂಡು ನೋಡಿದಳು. "ಕಣ್ಣಲ್ಲ ಮಗಳೇ. ಈ ಕೈ."

ಘೈದಾ ಶೈಮಾಳನ್ನು ಆ ಕೈಗಳ ಮೇಲೆ ಇಟ್ಟಳು.

ಹಾಯಿಲ್ ಬದುಕಿದ. ಚಳಿಗಾಲ ಹತ್ತಿರ ಬರುವಾಗ ಮನೆಗೆ ಕರೆತಂದರು. ಕೆಲವು ತಿಂಗಳ ಮೇಲೆ ಒಂದು ದಿನ ಬಿಸಿಲಿಗೆ ಇಬ್ಬರನ್ನೂ ಚಾಪೆಯ ಮೇಲೆ ಮಲಗಿಸಿ ಘೈದಾ ಬಟ್ಟೆ ಹಿಂಡುತ್ತಿದ್ದಳು. ಶೈಮಾ ಬೋರಲು ಬಿದ್ದಳು, ತಲೆ ಎತ್ತಿದಳು, ಗೋಡೆಯ ಮೇಲಿನ ಇರುವೆಯನ್ನು ಹಿಡಿಯಲು ನೋಡಿದಳು. ಹಾಯಿಲ್ ಇಟ್ಟಲ್ಲೇ ಇದ್ದ. ಚಪ್ಪಾಳೆ ತಟ್ಟಿದರೆ ಶೈಮಾ ತಿರುಗುತ್ತಾಳೆ, ಅವನು ತಿರುಗುವುದಿಲ್ಲ. ಎತ್ತಿಕೊಂಡರೆ ಅವನ ಕುತ್ತಿಗೆ ವಾಲುತ್ತದೆ. ವಾರ ವಾರ ಪಟ್ಟಣಕ್ಕೆ ಒಯ್ದು ಕೈಕಾಲಿಗೆ ವ್ಯಾಯಾಮ ಮಾಡಿಸುತ್ತಾರೆ. ಹಾಲು ಕುಡಿಸಲು ಶೈಮಾಳಿಗೆ ಒಂದು ಹಾಡು ಮುಗಿಯುವಷ್ಟು ಹೊತ್ತು ಸಾಕು, ಅವನಿಗೆ ಅರ್ಧ ಮಧ್ಯಾಹ್ನ ಬೇಕು. ಊರು ಈಗಲೂ ಅವಳನ್ನು ಉಮ್ಮ್ ಹಾಯಿಲ್ ಎಂದೇ ಕರೆಯುತ್ತದೆ, ಆದರೆ ಸ್ವಲ್ಪ ದನಿ ಇಳಿಸಿ.

ಮೊನ್ನೆ ಕೆಳಗಿನ ಬೀದಿಯ ಉಮ್ಮ್ ಆತಿಫಳ ಮನೆಯಲ್ಲಿ ಮೊಮ್ಮಗ ಹುಟ್ಟಿದ. ಅತ್ತೆ ಹಾಯಿಲನನ್ನು ಎತ್ತಿಕೊಂಡು ಹೊರಟಳು. ಶೈಮಾಳನ್ನು ಎತ್ತಿಕೊಂಡು ಘೈದಾಳೂ ಹಿಂದೆ ಹೋದಳು. ಅಲ್ಲಿ ಬಟ್ಟಲು ಸಿದ್ಧವಾಗಿತ್ತು. ತಗ್ರೀದ್ ಬಂದು ಬೇಡವೆಂದು ಹೇಳಿ ಹೋಗಿದ್ದಳು. ಉಮ್ಮ್ ಆತಿಫ್ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಅತ್ತೆ ವಾದಕ್ಕೆ ಇಳಿಯಲಿಲ್ಲ. ಹಾಯಿಲನನ್ನು ಉಮ್ಮ್ ಆತಿಫಳ ಮಡಿಲಿಗೆ ಹಾಕಿದಳು.

"ಹಿಡ್ಕೋ. ಕುತ್ತಿಗೆ ಕೆಳಗೆ ಕೈ ಕೊಡು, ಇಲ್ಲಾಂದ್ರೆ ವಾಲುತ್ತೆ."

ಹಾಗೆ ಹೇಳಿ ಪಕ್ಕದಲ್ಲಿ ಕೂತು ಕಾಫಿ ತರಿಸಿಕೊಂಡಳು. ಉಮ್ಮ್ ಆತಿಫ್ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಅವಳ ತೋಳು ಸೋತಿತು. ತಗೋ ಎಂದಳು. ಅತ್ತೆ ತೆಗೆದುಕೊಳ್ಳಲಿಲ್ಲ.

"ಇನ್ನೂ ಸ್ವಲ್ಪ ಹಿಡ್ಕೋ. ನನ್ನ ಸೊಸೆ ಸಾಯೋವರೆಗೂ ಹಿಡೀಬೇಕು."

ಮಂಚದ ಮೇಲಿದ್ದ ಬಾಣಂತಿ ತನ್ನ ಕೂಸನ್ನು ಎದೆಗೆ ಅವಚಿಕೊಂಡು ಘೈದಾಳನ್ನೇ ನೋಡುತ್ತಿದ್ದಳು. ಉಮ್ಮ್ ಆತಿಫ್ ತಲೆ ಎತ್ತದೆ, ಆ ಬಟ್ಟಲು ಒಳಗಿಡಿ ಎಂದಳು.

ಅಮ್ಮಂದಿರೇ, ಅಜ್ಜಿಯರೇ, ಕೇಳಿ. ಹಸುಗೂಸಿಗೆ ಉಪ್ಪು ಬೇಡ. ಒಂದು ಚಿಟಿಕೆಯೂ ಬೇಡ, ಎಣ್ಣೆಯಲ್ಲಿ ಕಲಸಿಯೂ ಬೇಡ, ನೀರಲ್ಲಿ ಕದಡಿಯೂ ಬೇಡ. ಮೈ ತೊಳೆಯಲು ಬೆಚ್ಚನೆಯ ನೀರು ಸಾಕು, ಹೊಟ್ಟೆಗೆ ತಾಯಿಯ ಹಾಲು ಸಾಕು. ಯಾರಾದರೂ ಹಚ್ಚಿಬಿಟ್ಟಿದ್ದರೆ ಬೆಚ್ಚನೆಯ ನೀರಲ್ಲಿ ತೊಳೆದು ಆಸ್ಪತ್ರೆಗೆ ಒಯ್ಯಿರಿ, ಏನು ಹಚ್ಚಿದಿರಿ ಎಂಬುದನ್ನು ಮುಚ್ಚಿಡಬೇಡಿ. ಹಾಲು ಕುಡಿಯುವುದನ್ನು ನಿಲ್ಲಿಸಿದ ಕೂಸು, ಮೈ ಸುಡುವ ಕೂಸು, ಎಬ್ಬಿಸಿದರೂ ಏಳದೆ ಸುಮ್ಮನಾದ ಕೂಸು ಸಾಧು ಕೂಸಲ್ಲ, ಕಾಯಿಲೆಯ ಕೂಸು. ಕಾಯಬೇಡಿ. ನಿಮ್ಮ ಮನೆಯಲ್ಲಿ ಉಪ್ಪಿನ ಬದಲು ಬೇರೇನೋ ಹಚ್ಚುವ ರೂಢಿ ಇರಬಹುದು. ಅದನ್ನೂ ಒಮ್ಮೆ ನರ್ಸಮ್ಮನನ್ನು ಕೇಳಿ ನೋಡಿ.

ಕಥೆ ಮುಗಿಯಿತೆಂದು ಈಗಲೇ ಏಳಬೇಡಿ, ನನ್ನ ಕೂಲಿ ಬಾಕಿ ಇದೆ. ನಿಮ್ಮ ಬೀದಿಯಲ್ಲಿ ತುಂಬು ಬಸುರಿ ಇರುವ ಮನೆ ಯಾವುದು, ನಿಮಗೆ ಗೊತ್ತು. ನಾಳೆ ಅಲ್ಲಿಗೆ ಹೋಗಿ. ಬಸುರಿಯ ಹತ್ತಿರ ಅಲ್ಲ, ಪಾಪ ಅವಳ ಕೈಯಲ್ಲಿ ಬಟ್ಟಲಿರುವುದಿಲ್ಲ. ಸೀದಾ ಅವಳ ಅತ್ತೆಯ ಎದುರು ಕೂತು ಇದನ್ನೆಲ್ಲ ಹೇಳಿ. ಆದರೆ ಮೊದಲು ಕಾಫಿ ಕುಡಿದು ಮುಗಿಸಿ. ಹೇಳಿದ ಮೇಲೆ ಅವಳು ಕೊಡುತ್ತಾಳೆಂದು ನಾನು ಆಣೆ ಇಡಲಾರೆ.